ತಾಳಿದವನು ಬಾಳಿದ: ಒಂದು ಆರ್ಥಿಕ ಸಮೀಕ್ಷೆಯ ಎರಡು ಅಧ್ಯಾಯಗಳು

ಪುಣೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಕನ್ನಡಿಗರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಸಾಮಾನ್ಯವಾಗಿ ಕಾದಂಬರಿ, ಕಥಾಸಂಕಲನ, ಯಾವಾಗಲಾದರೊಮ್ಮೆ ಆತ್ಮಕಥೆ. ಕಳೆದ ಬಾರಿ ಪುಸ್ತಕ ಆರಿಸುವ ಸರದಿ ನನ್ನದಾಗಿತ್ತು. ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆಯ ಮೊದಲ ಸಂಪುಟ ಎಂದೆ. "ಆಫೀಸಿನಲ್ಲಿ ವಾರವಿಡೀ ಪಿಪಿಟಿ ನೋಡೋದು ಸಾಕಾಗ್ಲಿಲ್ವಾ ಸರ್?" ಎಂದ ಕಿರಿಯ ಗೆಳೆಯನೊಬ್ಬ. ಎಲ್ಲರೂ ನಕ್ಕರು. ಆದರೂ ಎರಡು ಅಧ್ಯಾಯ ಓದಿಕೊಂಡು ಬಂದರು. ಆ ದಿನದ ಚರ್ಚೆ ಮುಗಿಯಲಿಲ್ಲ. ಅದನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಸರ್ಕಾರಿ ವರದಿಯನ್ನು ವಿಮರ್ಶೆಯ ಕಣ್ಣಿನಿಂದ ಓದಬಹುದೇ? ಈ ಸಂಪುಟವನ್ನಂತೂ ಓದಬಹುದು. 2019ರ ಜುಲೈ 4ರಂದು ಸಂಸತ್ತಿನಲ್ಲಿ ಮಂಡನೆಯಾದ ಇದನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥರು ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಕೃಷ್ಣಮೂರ್ತಿ ಸುಬ್ರಮಣಿಯನ್. ಮುಖಪುಟ ಆಕಾಶನೀಲಿ, ಕಟ್ಟುಪಾಡುಗಳನ್ನು ಬದಿಗಿಟ್ಟು ಯೋಚಿಸಿದ್ದೇವೆ ಎಂಬುದರ ಸೂಚನೆ ಅದು. ಅಧ್ಯಾಯಗಳ ಹೆಸರಿನಲ್ಲೂ ಸಾಹಿತ್ಯದ ಆಸೆ ಕಾಣುತ್ತದೆ: ಒಂದರಲ್ಲಿ ಮತ್ಸ್ಯನ್ಯಾಯ, ಇನ್ನೊಂದರಲ್ಲಿ ದೈತ್ಯರಾಗಬೇಕಾದ ಕುಬ್ಜರು. ಓದುಗನನ್ನು ಒಲಿಸಿಕೊಳ್ಳಲೆಂದೇ ಬರೆದ ಬರಹ ಇದು. ಹಾಗಿರುವಾಗ ಅದು ಏನನ್ನು ಹೇಳದೆ ಬಿಟ್ಟಿದೆ ಎಂದು ಕೇಳುವ ಹಕ್ಕೂ ಓದುಗನಿಗೆ ಇರುತ್ತದೆ.

ನನ್ನ ದೂರು ಇಷ್ಟೇ. ಇದರ ಎರಡನೇ ಅಧ್ಯಾಯ ಮತ್ತು ಆರನೇ ಅಧ್ಯಾಯ ಒಂದೇ ರಟ್ಟಿನೊಳಗೆ ಇದ್ದೂ ಒಂದನ್ನೊಂದು ಮಾತಾಡಿಸುವುದಿಲ್ಲ. ಮಾತಾಡಿಸಿದ್ದರೆ, ನಮ್ಮ ದೇಶದ ಒಂದು ಮುಖ್ಯ ಪರಿಸರ ನಿಯಮ ಹತ್ತು ವರ್ಷಗಳಲ್ಲಿ ಹೇಗೆ ಕರಗಿಹೋಯಿತು ಎಂಬುದರ ಕಾರಣ ಅಲ್ಲೇ ಮೊದಲೇ ಕಾಣುತ್ತಿತ್ತು.

ಎರಡನೇ ಅಧ್ಯಾಯದ ವಿಷಯ ವರ್ತನಾ ಅರ್ಥಶಾಸ್ತ್ರ. ಮನುಷ್ಯ ಲೆಕ್ಕದ ಯಂತ್ರವಲ್ಲ, ಅವನ ತೀರ್ಮಾನಗಳಲ್ಲಿ ಅಭ್ಯಾಸ, ಆಲಸ್ಯ, ಭಯ, ಪಕ್ಕದ ಮನೆಯವರ ನಡತೆ ಎಲ್ಲವೂ ಸೇರಿರುತ್ತವೆ ಎನ್ನುವ ಶಾಸ್ತ್ರ ಅದು. ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದಂತೆ, ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ಸಂಕಟ ದೊಡ್ಡದು. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರ 'ನಡ್ಜ್' ಪುಸ್ತಕದಲ್ಲಿ ಇದರಿಂದ ಒಂದು ಆಡಳಿತದ ಉಪಾಯ ಮಾಡಿದರು: ದಂಡಿಸಬೇಡಿ, ಮೆಲ್ಲಗೆ ತಟ್ಟಿ ಸರಿದಾರಿಗೆ ತನ್ನಿ. ಸಮೀಕ್ಷೆ ಈ ಉಪಾಯವನ್ನು ಸಂಭ್ರಮದಿಂದ ಸ್ವಾಗತಿಸುತ್ತದೆ. ಸ್ವಚ್ಛ ಭಾರತ, ಬೇಟಿ ಬಚಾವೋ, ಗ್ಯಾಸ್ ಸಬ್ಸಿಡಿ ಬಿಟ್ಟುಕೊಡುವ ಅಭಿಯಾನ ಇವೆಲ್ಲ ಅದರ ಉದಾಹರಣೆಗಳು. ಹೆಚ್ಚು ತೆರಿಗೆ ಕಟ್ಟುವವರ ಹೆಸರನ್ನು ರಸ್ತೆಗಳಿಗೆ ಇಡುವಂಥ ಸಲಹೆಯೂ ಇದೆ.

ಓದುತ್ತಾ ಹೋದಂತೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಮನಸ್ಸು ಇರುವುದು ಪ್ರಜೆಗೆ ಮಾತ್ರ. ಶೌಚಾಲಯ ಬಳಸದವನಿಗೆ, ಸಬ್ಸಿಡಿ ಬಿಡದವಳಿಗೆ, ತೆರಿಗೆ ತಪ್ಪಿಸುವವನಿಗೆ ದೌರ್ಬಲ್ಯಗಳಿವೆ. ಕಡತಕ್ಕೆ ಸಹಿ ಹಾಕುವ ಅಧಿಕಾರಿಗೆ, ಸಾವಿರಾರು ಕೋಟಿ ಹೂಡಬೇಕೋ ಬೇಡವೋ ಎಂದು ಕೂತಿರುವ ನಿರ್ದೇಶಕ ಮಂಡಳಿಗೆ ಅಂಥ ಮನಸ್ಸು ಇದ್ದಂತೆ ಕಾಣುವುದಿಲ್ಲ.

ಆ ನಿರ್ದೇಶಕ ಮಂಡಳಿ ಸಿಗುವುದು ಆರನೇ ಅಧ್ಯಾಯದಲ್ಲಿ. ನೀತಿಯ ಅನಿಶ್ಚಿತತೆ ಹೂಡಿಕೆಯನ್ನು ಹೇಗೆ ಕುಗ್ಗಿಸುತ್ತದೆ ಎಂಬುದು ಅದರ ಪ್ರಶ್ನೆ. ಅನಿಶ್ಚಿತತೆ ಏರಿದರೆ ಸುಮಾರು ಐದು ತ್ರೈಮಾಸಿಕಗಳವರೆಗೆ ಹೂಡಿಕೆಯ ಬೆಳವಣಿಗೆ ಮಂದವಾಗುತ್ತದೆ ಎಂದು ಲೆಕ್ಕ ಕೊಡುತ್ತದೆ. ಅದರ ಅತ್ಯುತ್ತಮ ಮಾತು ಇದು: ಜಗತ್ತಿನ ಆರ್ಥಿಕ ಏರುಪೇರು ನಮ್ಮ ಕೈಯಲ್ಲಿಲ್ಲ, ಆದರೆ ನೀತಿಯ ಅನಿಶ್ಚಿತತೆಯನ್ನು ಕಡಿಮೆ ಮಾಡುವುದು ಸರ್ಕಾರದ ಕೈಯಲ್ಲೇ ಇದೆ. ಮುಂದೇನು ಮಾಡುತ್ತೇವೆಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ ಎಂದು ಸಲಹೆ ಕೊಡುತ್ತದೆ. ಭಾರತದಲ್ಲಿ ಈ ಅನಿಶ್ಚಿತತೆ ಹಿಂದಿನ ದಶಕಕ್ಕೆ ಹೋಲಿಸಿದರೆ ಇಳಿದಿದೆ ಎಂದೂ ಹೇಳಿಕೊಳ್ಳುತ್ತದೆ.

ಇಳಿದಿದ್ದನ್ನು ಅಳೆದದ್ದು ಹೇಗೆ? ಪತ್ರಿಕೆಗಳಲ್ಲಿ ಆರ್ಥಿಕತೆ, ನೀತಿ, ಅನಿಶ್ಚಿತತೆ ಈ ಮೂರಕ್ಕೂ ಸಂಬಂಧಿಸಿದ ಪದಗಳು ಒಟ್ಟಿಗೆ ಬರುವ ಬರಹಗಳನ್ನು ಎಣಿಸಿ. ಬೇಕರ್, ಬ್ಲೂಮ್ ಮತ್ತು ಡೇವಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ರೂಪಿಸಿದ ಸೂಚ್ಯಂಕ ಅದು. ಭಾರತದ ಮಟ್ಟಿಗೆ ಎಣಿಸಿದ್ದು ಏಳು ಇಂಗ್ಲಿಷ್ ಪತ್ರಿಕೆಗಳನ್ನು. ಕನ್ನಡದ್ದಾಗಲಿ ಮರಾಠಿಯದ್ದಾಗಲಿ ಇಲ್ಲ ಎಂಬ ನಮ್ಮ ಕೂಟದ ಆಕ್ಷೇಪ ಸರಿಯೇ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಪರಿಸರ ನಿಯಮದ ಗಡುವನ್ನು ಸರ್ಕಾರ ಮುಂದೂಡಿದಾಗ ಪತ್ರಿಕೆಯಲ್ಲಿ ಅದು ಉದ್ಯಮಕ್ಕೆ 'ರಿಲೀಫ್' ಎಂಬ ಸುದ್ದಿಯಾಗಿ ಬರುತ್ತದೆ. ಮಾತು ತಪ್ಪಿದ್ದು ನೆಮ್ಮದಿಯ ವೇಷ ಹಾಕಿಕೊಂಡು ಬಂದರೆ ಪದ ಎಣಿಸುವ ಸೂಚ್ಯಂಕ ಅದನ್ನು ಹೇಗೆ ಹಿಡಿದೀತು?

ಈಗ ನಾನು ಹೇಳುತ್ತಿದ್ದ ನಿಯಮಕ್ಕೆ ಬರುತ್ತೇನೆ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಚಿಮಣಿಯಿಂದ ಸಲ್ಫರ್ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಯಲ್ಲಿ ಅದು ಸಲ್ಫೇಟ್ ಕಣವಾಗಿ ಬದಲಾಗಿ, ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5ರ ಭಾಗವಾಗುತ್ತದೆ, ನೂರಾರು ಕಿಲೋಮೀಟರ್ ಸಾಗುತ್ತದೆ. ಹೊಗೆಯನ್ನು ಸುಣ್ಣಕಲ್ಲಿನ ನೀರಿನಲ್ಲಿ ತೊಳೆದರೆ ಗಂಧಕ ಜಿಪ್ಸಮ್ ಆಗಿ ಕೂರುತ್ತದೆ. ಇದಕ್ಕೆ ಬೇಕಾದ ಘಟಕಕ್ಕೆ ಎಫ್‌ಜಿಡಿ ಎನ್ನುತ್ತಾರೆ. ಖರ್ಚು ಮೆಗಾವ್ಯಾಟ್‌ಗೆ ಒಂದು ಕೋಟಿ ರೂಪಾಯಿಯ ಆಸುಪಾಸು. ಒಮ್ಮೆ ಕಟ್ಟಿದರೆ ಬಿಚ್ಚಿ ಬೇರೆಯವರಿಗೆ ಮಾರುವಂಥ ವಸ್ತುವಲ್ಲ.

2015ರ ಡಿಸೆಂಬರ್ 7ರಂದು ಪರಿಸರ ಸಚಿವಾಲಯ ಅಧಿಸೂಚನೆ ಹೊರಡಿಸಿತು: ಹಳೆಯ ಸ್ಥಾವರಗಳು ಎರಡು ವರ್ಷದೊಳಗೆ ಹೊಸ ಮಿತಿಗೆ ಬರಬೇಕು. 2017ರ ಡಿಸೆಂಬರ್ ಬಂದಾಗ ಗಡುವು ಹಂತಹಂತವಾಗಿ 2022ರವರೆಗೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ 2022, 2023, 2024 ಎಂದರು. 2022ರ ಸೆಪ್ಟೆಂಬರಿನಲ್ಲಿ ಸಲ್ಫರ್ ಮಿತಿಗೆ 2024, 2025, 2026 ಎಂದಾಯಿತು. 2024ರ ಡಿಸೆಂಬರ್ ಕೊನೆಯಲ್ಲಿ 2027, 2028, 2029. ಅಷ್ಟು ಹೊತ್ತಿಗೆ ಪಟ್ಟಿಯಲ್ಲಿದ್ದ 537 ಘಟಕಗಳಲ್ಲಿ ಎಫ್‌ಜಿಡಿ ಹಾಕಿಕೊಂಡವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. 2025ರ ಜುಲೈನಲ್ಲಿ ಕೊನೆಯ ತಿರುವು: ಸುಮಾರು 78% ಸ್ಥಾವರಗಳಿಗೆ ಈ ಮಿತಿಯಿಂದಲೇ ವಿನಾಯಿತಿ.

2015ರಲ್ಲೇ ಈ ನಿಯಮವನ್ನು ನಂಬಿ ಹಣ ಹೂಡಿದವನನ್ನು ಈಗ ಏನೆಂದು ಕರೆಯಬೇಕು? ಏನೂ ಮಾಡದೆ ಕೂತವನನ್ನು ಏನೆಂದು ಕರೆಯಬೇಕು? ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೇ ಅಧ್ಯಾಯದ ಶಿಷ್ಯರಾದರೆ ಈ ಕಾಯುವಿಕೆಗೆ ಮನಸ್ಸಿನ ದೌರ್ಬಲ್ಯವನ್ನು ಕಾರಣ ಮಾಡಬಹುದು. ಇದ್ದದ್ದು ಇದ್ದಂತೆ ಇರಲಿ ಎಂಬ ಒಲವು, ನಷ್ಟದ ಭಯ, ಇವತ್ತಿನ ಖರ್ಚನ್ನು ನಾಳೆಗೆ ತಳ್ಳುವ ಚಾಳಿ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ಕಾದವರು ದಡ್ಡರಾಗಿರಲಿಲ್ಲ.

ಬೆನ್ ಬರ್ನಾಂಕೆ 1983ರಲ್ಲಿ ಬರೆದ ಒಂದು ಪ್ರಬಂಧ, ಅವಿನಾಶ್ ದೀಕ್ಷಿತ್ ಮತ್ತು ರಾಬರ್ಟ್ ಪಿಂಡೈಕ್ 1994ರಲ್ಲಿ ಬರೆದ ಪುಸ್ತಕ ಇದನ್ನು ಬೇರೆ ರೀತಿ ವಿವರಿಸುತ್ತವೆ. ಒಣಬೇಸಾಯದ ರೈತನನ್ನು ನೆನಪಿಸಿಕೊಂಡರೆ ಅವರ ಗಣಿತ ನಮಗೆ ಬೇಗ ಹತ್ತಿರವಾಗುತ್ತದೆ. ಮೊದಲ ಮಳೆ ಬಿದ್ದಿದೆ. ಈಗಲೇ ಬಿತ್ತಬೇಕೋ, ಇನ್ನೊಂದು ಹದ ಮಳೆಗೆ ಕಾಯಬೇಕೋ? ಬಿತ್ತಿದ ಬೀಜ ಮತ್ತೆ ಚೀಲಕ್ಕೆ ಬರುವುದಿಲ್ಲ. ಕಾದರೆ ಸ್ವಲ್ಪ ಇಳುವರಿ ಹೋಗಬಹುದು, ಆದರೆ ಮಳೆಯ ಬಗ್ಗೆ ಹೆಚ್ಚು ತಿಳಿಯುತ್ತದೆ. ಹಿಂದೆಗೆದುಕೊಳ್ಳಲಾಗದ ಹೂಡಿಕೆ, ಮುಂದಿನದು ಗೊತ್ತಿಲ್ಲದ ಸ್ಥಿತಿ, ಕಾಯಲು ಅವಕಾಶ ಈ ಮೂರೂ ಇದ್ದಾಗ ಕಾಯುವುದಕ್ಕೇ ಒಂದು ಬೆಲೆ ಇರುತ್ತದೆ. ಎಫ್‌ಜಿಡಿ ಮುಂದೆ ಕೂತ ಕಂಪನಿಗೆ ಮೂರೂ ಇದ್ದವು. ಮೇಲಾಗಿ, ಕಾದದ್ದರಿಂದ ಆಗುವ ಹಾನಿ ಅದರ ಲೆಕ್ಕಪುಸ್ತಕದಲ್ಲಿ ಬರುವುದೇ ಇಲ್ಲ. ರೈತ ಕಾದರೆ ಅವನ ಇಳುವರಿ ಹೋಗುತ್ತದೆ. ಸ್ಥಾವರ ಕಾದರೆ ಹೋಗುವುದು ಊರಿನವರ ಉಸಿರು.

ಆದರೆ ಈ ಗಣಿತಕ್ಕೂ ಒಂದು ಮಿತಿ ಇದೆ, ನನ್ನ ವಾದ ಇರುವುದು ಅಲ್ಲೇ. ಮಳೆ ರೈತನನ್ನು ನೋಡಿಕೊಂಡು ಬರುವುದಿಲ್ಲ. ಊರಿನ ರೈತರೆಲ್ಲ ಬಿತ್ತದೆ ಕೂತರೂ ಮೋಡದ ತೀರ್ಮಾನ ಬದಲಾಗದು. ಸರ್ಕಾರದ ಗಡುವು ಹಾಗಲ್ಲ. ಒಬ್ಬ ಕಾದರೆ ಅವನಿಗೆ ನೋಟಿಸ್ ಹೋಗುತ್ತದೆ, ಎಲ್ಲರೂ ಕಾದರೆ ಗಡುವೇ ಮುಂದೆ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಸ್ಥಾವರ ಸಿದ್ಧವಾಗಿಲ್ಲದಿದ್ದಾಗ ಯಾವ ಸರ್ಕಾರವೂ ಒಂಬತ್ತನ್ನು ಮುಚ್ಚಿಸಲಾರದು, ಇದು ಮೊದಲ ದಿನದಿಂದ ಎಲ್ಲರಿಗೂ ಗೊತ್ತು. ಹಾಗಾಗಿ ಪ್ರತಿಯೊಬ್ಬ ಹೂಡಿಕೆದಾರನ ನಿಜವಾದ ಪ್ರಶ್ನೆ 'ನಿಯಮ ಏನು' ಎಂಬುದಲ್ಲ, 'ಉಳಿದವರು ಎಷ್ಟು ಜನ ಕಾಯುತ್ತಿದ್ದಾರೆ' ಎಂಬುದು. ಅನಿಶ್ಚಿತತೆ ಎಂದು ನಾವು ಕರೆಯುವುದು ಇಲ್ಲಿ ಕಾಯುವವರು ಮತ್ತು ಮುಂದೂಡುವವರು ಕೂಡಿ ತಯಾರಿಸಿದ ಮಾಲು.

ಇದನ್ನು ನಾನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಮೊದಲು ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಜೆಕ್ಟಿನಲ್ಲಿ ಐದು ತಂಡಗಳು ಒಂದು ಭದ್ರತಾ ಬದಲಾವಣೆಯನ್ನು ಮಾರ್ಚ್ ಕೊನೆಯೊಳಗೆ ಮುಗಿಸಬೇಕಿತ್ತು. ಎರಡು ತಂಡ ಶನಿವಾರ, ಭಾನುವಾರ ಕೂತು ಮುಗಿಸಿದವು. ಮೂರು ತಂಡ ಮುಗಿಸಲಿಲ್ಲ. ಮೂರು ತಂಡಗಳ ಕೆಲಸ ನಿಲ್ಲಿಸುವ ಧೈರ್ಯ ನನಗಿರಲಿಲ್ಲ, ಜೂನ್ ಎಂದೆ. ಜೂನ್‌ನಲ್ಲಿ ಸೆಪ್ಟೆಂಬರ್ ಎಂದೆ. ಸೆಪ್ಟೆಂಬರಿಗೆ ಆ ಬದಲಾವಣೆ ಬೇಡವೆಂದು ಮೇಲಿನಿಂದ ತೀರ್ಮಾನವಾಯಿತು. ಮುಗಿಸಿದ ತಂಡವೊಂದರ ಹುಡುಗಿ ಕೇಳಿದಳು: "ಸರ್, ನಾವು ತಪ್ಪು ಮಾಡಿದ್ವಾ?" ಇಲ್ಲಮ್ಮ ಎಂದೆ. ಮುಂದಿನ ಗಡುವಿಗೆ ಐದೂ ತಂಡ ಕಾದು ಕೂತವು. ಮುಂದೂಡುವ ಮೇಲ್‌ಗಳನ್ನು ಕಳಿಸಿದ್ದು ನಾನೇ, ಆದ್ದರಿಂದ ಅವರ ಆಲಸ್ಯದ ಬಗ್ಗೆ ಭಾಷಣ ಮಾಡುವ ಅರ್ಹತೆ ನನಗೆ ಉಳಿದಿರಲಿಲ್ಲ.

ಆಗ ನನ್ನ ತಲೆಯಲ್ಲಿ ನಡೆದದ್ದೇನು ಎಂಬುದನ್ನು ಎರಡನೇ ಅಧ್ಯಾಯ ಚೆನ್ನಾಗಿ ವಿವರಿಸಬಲ್ಲದು, ಆದರೆ ಆ ಕೆಲಸ ಮಾಡಿಲ್ಲ. ಕೆಲಸ ನಿಂತರೆ ಅರ್ಧ ಗಂಟೆಯಲ್ಲಿ ಫೋನ್ ಬರುತ್ತಿತ್ತು. ಭದ್ರತೆಯ ತೂತಿನಿಂದ ಎಂದೋ ಆಗಬಹುದಾದ ಅನಾಹುತಕ್ಕೆ ಮುಖವಿರಲಿಲ್ಲ. ವಿದ್ಯುತ್ ನೋಡಿಕೊಳ್ಳುವ ಅಧಿಕಾರಿಯದೂ ಇದೇ ಪಾಡು. 2012ರ ಜುಲೈ ಕೊನೆಯಲ್ಲಿ ಗ್ರಿಡ್ ಕುಸಿದು ಉತ್ತರ ಭಾರತ ಕತ್ತಲಾದದ್ದನ್ನು ಯಾರೂ ಮರೆತಿಲ್ಲ. ಕರೆಂಟ್ ಹೋದರೆ ಆ ರಾತ್ರಿಯೇ ಹೊಣೆಗಾರನ ಹೆಸರು ಸಿಗುತ್ತದೆ. ಹತ್ತು ವರ್ಷದ ಬಳಿಕ ಯಾರಿಗೋ ಬರುವ ಶ್ವಾಸಕೋಶದ ಕಾಯಿಲೆಯ ಕಡತದಲ್ಲಿ ಯಾವ ಅಧಿಕಾರಿಯ ಹೆಸರೂ ಇರುವುದಿಲ್ಲ. ಎದುರಿಗಿರುವ ನಷ್ಟ ದೊಡ್ಡದಾಗಿ, ದೂರದ ನಷ್ಟ ಚಿಕ್ಕದಾಗಿ ಕಾಣುವ ಈ ಕಣ್ಣಿನ ದೋಷ ಪ್ರಜೆಯದು ಮಾತ್ರ ಎಂದು ಸಮೀಕ್ಷೆ ಭಾವಿಸಿದ್ದೇ ಅದರ ದೊಡ್ಡ ಕೊರತೆ. ಸಮೀಕ್ಷೆ ಬಂದದ್ದು ಮೊದಲ ಮುಂದೂಡಿಕೆ ಆಗಿ ಒಂದೂವರೆ ವರ್ಷದ ಮೇಲೆ. ಮುಂದಿನ ಮೂರು ಮುಂದೂಡಿಕೆಗಳನ್ನು ಊಹಿಸಲು ಬೇಕಾದ ಸಾಮಗ್ರಿ ಎಲ್ಲ ಅದರ ಎರಡು ಅಧ್ಯಾಯಗಳಲ್ಲಿ ಹಂಚಿಹೋಗಿತ್ತು.

ಹಾಗಾದರೆ ಭಾರತದಲ್ಲಿ ಗಡುವು ನಿಲ್ಲುವುದೇ ಇಲ್ಲವೇ? ನಿಂತ ಉದಾಹರಣೆ ನಿಮ್ಮ ಪಾರ್ಕಿಂಗ್‌ನಲ್ಲೇ ಇರಬಹುದು. 2016ರ ಜನವರಿಯಲ್ಲಿ, ಅಂದರೆ ಸ್ಥಾವರಗಳ ನಿಯಮ ಬಂದ ಮರುತಿಂಗಳೇ, ಬಿಎಸ್-5 ಬಿಟ್ಟು ನೇರವಾಗಿ ಬಿಎಸ್-6ಕ್ಕೆ 2020ರ ಏಪ್ರಿಲ್ 1ರಂದು ಹೋಗುತ್ತೇವೆ ಎಂದು ಸರ್ಕಾರ ಹೇಳಿತು. ವಾಹನ ತಯಾರಕರು ನಂಬಿದ್ದು ಏಕೆ? 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್-3 ವಾಹನಗಳನ್ನು ಮಾರುವಂತಿಲ್ಲ ಎಂದಿತು. ಉಳಿದ ಎರಡು ದಿನಗಳಲ್ಲಿ ಶೋರೂಂಗಳ ಮುಂದೆ ರಿಯಾಯಿತಿ ದರದ ಬೈಕಿಗೆ ಜನ ಮುಗಿಬಿದ್ದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಲಕ್ಷಾಂತರ ವಾಹನಗಳ ದಾಸ್ತಾನು ಇಟ್ಟುಕೊಂಡು ಕಾದವರಿಗೆ ಕಾಯುವುದರ ಬೆಲೆ ಅಂದು ಗೊತ್ತಾಯಿತು. 2018ರ ಅಕ್ಟೋಬರಿನಲ್ಲಿ ಅದೇ ಕೋರ್ಟ್ ಬಿಎಸ್-4 ಬಗ್ಗೆ ಹಾಗೇ ಹೇಳಿದಾಗ ಯಾರಿಗೂ ಅನುಮಾನ ಉಳಿಯಲಿಲ್ಲ. ಎಂಜಿನ್ ಬದಲಾಯಿತು, ರಿಫೈನರಿಗಳಲ್ಲಿ ಇಂಧನ ಬದಲಾಯಿತು. ಅದೇ ದೇಶ, ಅದೇ ವರ್ಷಗಳು, ಅಷ್ಟೇ ದೊಡ್ಡ ಹೂಡಿಕೆ. ಉದ್ಯಮಿಗಳ ಮನಸ್ಸಿನ ರಚನೆ ಎರಡು ಕಡೆ ಬೇರೆ ಇರಲು ಸಾಧ್ಯವಿಲ್ಲ. ಬೇರೆ ಇದ್ದದ್ದು ಅವರು ಕಂಡ ಪೂರ್ವನಿದರ್ಶನ.

ಚಿಮಣಿಯ ಉದಾಹರಣೆಯೇ ಬೇಕೆಂದರೆ ಮುಂಬೈಯವರು ಉತ್ತರಕ್ಕೆ ದಹಾಣುವಿನ ಕಡೆ ನೋಡಬೇಕು. ಚಿಕ್ಕು ತೋಟಗಳ ಆ ತಾಲ್ಲೂಕನ್ನು ಕೇಂದ್ರ ಸರ್ಕಾರ 1991ರಲ್ಲೇ ಪರಿಸರ ಸೂಕ್ಷ್ಮ ಪ್ರದೇಶ ಎಂದು ಘೋಷಿಸಿತ್ತು. ಅಲ್ಲಿನ 500 ಮೆಗಾವ್ಯಾಟ್ ಸ್ಥಾವರದಲ್ಲಿ ಎಫ್‌ಜಿಡಿ ಹಾಕುವ ಮಾತು ವರ್ಷಗಟ್ಟಲೆ ಎಳೆಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 1996ರಲ್ಲಿ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿ ಅಧ್ಯಕ್ಷರಾಗಿದ್ದ ಪ್ರಾಧಿಕಾರ ಕೊನೆಗೆ ಕಂಪನಿಯಿಂದ 300 ಕೋಟಿ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಕೇಳಿತು. 2007ರಲ್ಲಿ ಘಟಕ ಕೆಲಸ ಶುರುಮಾಡಿತು. ವರ್ತನಾ ಅರ್ಥಶಾಸ್ತ್ರದ ಹೆಸರು ಎತ್ತದೆಯೇ ಅದರ ಮೂಲಪಾಠವನ್ನು ಬಳಸಿದ ರೀತಿ ಇದು. ಮುಂದೆಂದೋ ಬೀಳಬಹುದಾದ ದಂಡಕ್ಕೆ ಯಾರೂ ಹೆದರುವುದಿಲ್ಲ, ಈಗಾಗಲೇ ಎತ್ತಿಟ್ಟ ಹಣ ಕಳೆದುಹೋಗುತ್ತದೆ ಎಂದರೆ ಎದ್ದು ಕೂರುತ್ತಾರೆ. ಉಳಿದ ದೇಶಕ್ಕೆ ನಾವು ಕೊಟ್ಟದ್ದು ಯೂನಿಟ್‌ಗೆ ಕೆಲವು ಪೈಸೆಯ ದಂಡ, ಅದೂ ಗಡುವು ಮುಗಿದ ಮೇಲೆ. ಗಡುವು ಮುಗಿಯುತ್ತಲೇ ಇರಲಿಲ್ಲ.

ನಮ್ಮ ಕೂಟದಲ್ಲಿ ವಿದ್ಯುತ್ ಕ್ಷೇತ್ರದಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಇದಕ್ಕೆ ಗಟ್ಟಿಯಾಗಿ ವಿರೋಧಿಸಿದರು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಎತ್ತರದ ಚಿಮಣಿಗಳಿವೆ, ಸುಣ್ಣಕಲ್ಲು ತೆಗೆದು ಸಾಗಿಸುವುದಕ್ಕೂ ಪರಿಸರದ ಬೆಲೆ ಇದೆ, ಎಫ್‌ಜಿಡಿ ಸ್ವತಃ ವಿದ್ಯುತ್ ತಿನ್ನುತ್ತದೆ, ಖರ್ಚು ಕೊನೆಗೆ ಗ್ರಾಹಕನ ಬಿಲ್ಲಿಗೆ ಬರುತ್ತದೆ. ಹಾಗಾಗಿ 2015ರ ನಿಯಮವೇ ಅತಿಯಾಗಿತ್ತು, 2025ರಲ್ಲಿ ಸರಿಯಾಯಿತು ಎಂಬುದು ಅವರ ನಿಲುವು. ಇದನ್ನು ತಳ್ಳಿಹಾಕಲಾರೆ. ಹೊಸದನ್ನು ತಿಳಿದಾಗ ನಿಯಮ ಬದಲಿಸುವುದು ತಪ್ಪಲ್ಲ. ಆದರೆ ಕಲ್ಲಿದ್ದಲಿನಲ್ಲಿ ಗಂಧಕ ಎಷ್ಟಿದೆ ಎಂಬುದು 2015ರಲ್ಲೂ ಗೊತ್ತಿತ್ತು. ಎಲ್ಲಿ ಜನ ಹೆಚ್ಚು, ಎಲ್ಲಿ ಕಡಿಮೆ ಎಂದು ಆಗಲೇ ವಿಂಗಡಿಸಿ, ಸಣ್ಣ ಪಟ್ಟಿಗೆ ಗಟ್ಟಿ ಗಡುವು ಕೊಡಬಹುದಿತ್ತು. ಎಲ್ಲರಿಗೂ ಅನ್ವಯಿಸುವ, ಯಾರೂ ನಂಬದ ನಿಯಮಕ್ಕಿಂತ ಅದು ಮೇಲು. ವಿನಾಯಿತಿ ಸರಿ ಎಂದೇ ಒಪ್ಪಿದರೂ, ಅದಕ್ಕೆ ತಲುಪಿದ ದಾರಿ ಮುಂದಿನ ಎಲ್ಲ ಪರಿಸರ ನಿಯಮಗಳಿಗೂ ಒಂದು ಪಾಠ ಕಲಿಸಿಹೋಗಿದೆ.

ಇನ್ನೊಂದು ಲೆಕ್ಕವೂ ಬಾಕಿ ಇದೆ. ಕೆನೆತ್ ಆರೋ ಮತ್ತು ಆಂಥನಿ ಫಿಶರ್ 1974ರಲ್ಲೇ ಹೇಳಿದ್ದರು: ಹಿಂದೆಗೆದುಕೊಳ್ಳಲಾಗದ್ದು ಹೂಡಿಕೆ ಮಾತ್ರವಲ್ಲ, ಪ್ರಕೃತಿಗೆ ಆಗುವ ಹಾನಿಯೂ ಹೌದು. ಅನಿಶ್ಚಿತತೆ ಇದ್ದಾಗ ಆ ಹಾನಿಯನ್ನು ತಡೆದಿಡುವುದಕ್ಕೂ ಒಂದು ಬೆಲೆ ಇದೆ. ಆರನೇ ಅಧ್ಯಾಯ ಬಂಡವಾಳದ ಕಡೆಯ ತಕ್ಕಡಿಯನ್ನು ಮಾತ್ರ ನೋಡುತ್ತದೆ. ಮುಳುಗಿದ ಕೋಟಿಗಳನ್ನು ಎಣಿಸುತ್ತದೆ, ಮಗುವಿನ ಶ್ವಾಸಕೋಶವನ್ನು ಹಿಂದಿನ ಸ್ಥಿತಿಗೆ ತರಲಾಗದು ಎಂಬುದು ಅದರ ಸೂಚ್ಯಂಕಕ್ಕೆ ಬರುವುದಿಲ್ಲ.

ಈಗ ಉಳಿದಿರುವ ಕಡ್ಡಾಯ ಯಾರಿಗೆ ಎಂದು ನೋಡಿ. ದೆಹಲಿ ಸುತ್ತಲಿನ ರಾಷ್ಟ್ರ ರಾಜಧಾನಿ ಪ್ರದೇಶದಿಂದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರದಿಂದ ಹತ್ತು ಕಿಲೋಮೀಟರ್ ಒಳಗಿನ ಎ ವರ್ಗದ ಸ್ಥಾವರಗಳಿಗೆ. ಅಂದರೆ ಈ ಪತ್ರಿಕೆ ಓದುವ ನಾವು ಈಗ ಬಾಡಿಗೆಗೋ ಇಎಂಐಗೋ ಇರುವ ನಗರಗಳ ಸುತ್ತ. ರಾಯಚೂರಿನ ಶಕ್ತಿನಗರವಾಗಲಿ ಬಳ್ಳಾರಿಯ ಕುಡತಿನಿಯಾಗಲಿ ಅಂಥ ನಗರದ ಹತ್ತು ಕಿಲೋಮೀಟರ್ ಒಳಗಿಲ್ಲ. ಅಪ್ಪ ಅಮ್ಮ ಇರುವ ಊರಿನ ಗಾಳಿಗೆ ಒಂದು ನಿಯಮ, ಮಕ್ಕಳು ಹೋದ ಊರಿನ ಗಾಳಿಗೆ ಇನ್ನೊಂದು. ಅಧಿಸೂಚನೆಯ ವರ್ಗೀಕರಣ ಓದುವಾಗ ನನಗೆ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ.

ಸಮೀಕ್ಷೆಯ ಆ ಎರಡು ಅಧ್ಯಾಯಗಳನ್ನು ಓದಿ ಎಂದೇ ನಾನು ಹೇಳುತ್ತೇನೆ. ಎರಡೂ ಚೆನ್ನಾಗಿವೆ, ಓದಿಸಿಕೊಂಡು ಹೋಗುತ್ತವೆ. ಆದರೆ ಒಟ್ಟಿಗೆ ಓದಿ. ಎರಡನೆಯದರ ಪ್ರಶ್ನೆಗಳನ್ನು ಆರನೆಯದರ ಪಾತ್ರಗಳಿಗೆ ಕೇಳಿ. ಎ ವರ್ಗದ ಸ್ಥಾವರಗಳ ಗಡುವು 2027ರ ಡಿಸೆಂಬರ್ 31. ಆ ದಿನ ಶುಕ್ರವಾರ. ಅದರ ಹಿಂದಿನ ವಾರದ ಪತ್ರಿಕೆಗಳಲ್ಲಿ 'ರಿಲೀಫ್' ಎಂಬ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸುವುದಾಗಿ ನಮ್ಮ ಕೂಟದಲ್ಲಿ ಒಪ್ಪಂದವಾಗಿದೆ. ಎಣಿಸುವವರ ಪಟ್ಟಿಗೆ ನಿಮ್ಮ ಹೆಸರೂ ಸೇರಲಿ.